ನಾಲ್ಕು ಸಾವಿರ ಲೀಟರ್ ನೀರು, ಒಂದು ಸೂರು: ನಮ್ಮ ಬೀದಿಯವರಿಗೆ ಬಹಿರಂಗ ಪತ್ರ

ನಮ್ಮ ಅಡ್ಡರಸ್ತೆಯ ಎಲ್ಲ ಮನೆಯವರಿಗೆ, ಹಿಂದಿನ ಬೀದಿಯಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ಮನೆಗಳವರಿಗೆ, ಮೂಲೆಯ ದಿನಸಿ ಅಂಗಡಿಯವರಿಗೆ, ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ನನ್ನನ್ನು ಟೀಚರಮ್ಮ ಎಂದು ಕರೆಯುತ್ತೀರಿ. ನಿಮ್ಮ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಿದ್ದೇನೆ, ನಿಮ್ಮ ಮನೆಯ ಗೃಹಪ್ರವೇಶದ ಊಟ ಉಂಡಿದ್ದೇನೆ. ಈ ಪತ್ರವನ್ನು ಮಾತ್ರ ಬೀದಿಯ ಕೊನೆಯಲ್ಲಿರುವ ಬ್ಯಾಪ್ಟಿಸ್ಟ್ ಸಭೆಯ ಕಾರ್ಯದರ್ಶಿಯಾಗಿ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಕಾಂಪೌಂಡಿನೊಳಗೆ ಇಬ್ಬರು ಟೇಪು ಹಿಡಿದು ಅಳತೆ ಮಾಡಿದ್ದನ್ನು ನೀವು ನೋಡಿದಿರಿ. ಅಂದಿನಿಂದ ಬೀದಿಯಲ್ಲಿ ಮಾತು ಹರಿದಾಡುತ್ತಿದೆ. ನಾಲ್ಕು ಅಂತಸ್ತಿನ ಚರ್ಚ್ ಏಳುತ್ತದಂತೆ, ಹೊರದೇಶದಿಂದ ದುಡ್ಡು ಬಂದಿದೆಯಂತೆ, ಬೆಳಗ್ಗೆ ಸಂಜೆ ಮೈಕು ಹಾಕುತ್ತಾರಂತೆ. ಯಾರೂ ನನ್ನ ಎದುರಿಗೆ ನಿಂತು ಕೇಳಲಿಲ್ಲ. ನಿಮ್ಮನ್ನು ದೂರುವುದಿಲ್ಲ. ಅಳತೆ ಮಾಡಿಸುವ ಮೊದಲೇ ನಾವು ಮನೆಮನೆಗೆ ಬಂದು ಹೇಳಬೇಕಿತ್ತು. ಹೇಳದೆ ಹೋದದ್ದು ನಮ್ಮ ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇನೆ. ನಮ್ಮ ಹಳೆಯ ಪ್ರಾರ್ಥನಾ ಮಂದಿರದ ಜಾಗದಲ್ಲಿ ಹೊಸ ಕಟ್ಟಡ ಕಟ್ಟಬೇಕೆಂದಿದ್ದೇವೆ. ಈಗ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ.

ಮೊದಲು ಕಟ್ಟಡದ ಸ್ಥಿತಿ. ಮೂವತ್ತು ನಲವತ್ತರ ಸೈಟಿನಲ್ಲಿ ನಮ್ಮ ಪ್ರಾರ್ಥನಾ ಮಂದಿರ ನಿಂತಿದೆ. ಸೈಜುಗಲ್ಲಿನ ತಳಪಾಯ, ಇಟ್ಟಿಗೆ ಗೋಡೆ, ಮೇಲೆ ಕಲ್ನಾರಿನ ಶೀಟು. ಮೊದಲು ಅಲ್ಲಿ ತೆಂಗಿನ ಗರಿಯ ಚಪ್ಪರವಿತ್ತು. ನಮ್ಮ ತಂದೆಯ ತಲೆಮಾರಿನವರು, ಅವರಲ್ಲಿ ಅರ್ಧಕ್ಕರ್ಧ ಜನ ಗಾರೆ ಕೆಲಸದವರೇ, ಭಾನುವಾರ ಆರಾಧನೆ ಮುಗಿಸಿ ಅದೇ ಮಧ್ಯಾಹ್ನ ಗೋಡೆ ಎತ್ತಿದರು. ಹೆಂಗಸರು ಮರಳು ಹೊತ್ತರು. ಎದುರು ಮನೆಯ ಅಜ್ಜಿ, ಈಗ ಅವರಿಲ್ಲ, ತಮ್ಮ ಬಾವಿಯಿಂದ ಕಟ್ಟಡಕ್ಕೆ ನೀರು ಕೊಟ್ಟರು. ಅವರು ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಲು ಬಂದಾಗಲೆಲ್ಲ ಆ ಗೋಡೆಯನ್ನು ಒಮ್ಮೆ ಸವರಿ, ಇದರಲ್ಲಿ ನನ್ನ ಬಾವಿಯೂ ಇದೆ ಎನ್ನುತ್ತಿದ್ದರು.

ಆ ಶೀಟುಗಳು ಈಗ ಬಿರುಕು ಬಿಟ್ಟಿವೆ. ಮಳೆಗಾಲದಲ್ಲಿ ನಾವು ಸೋರುವ ಜಾಗಗಳ ಲೆಕ್ಕ ನೋಡಿಕೊಂಡು ಬೆಂಚು ಜರುಗಿಸುತ್ತೇವೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆಲ್ಲ ಒಳಗೆ ಕುಳಿತಿರಲು ಆಗುವುದಿಲ್ಲ. ಕಲ್ನಾರು ಒಡೆದಾಗ ಏಳುವ ಧೂಳಿನ ನಾರು ಶ್ವಾಸಕೋಶಕ್ಕೆ ಹೋದರೆ ಅದು ಹೊರಗೆ ಬರುವುದಿಲ್ಲ, ವರ್ಷಗಳ ಮೇಲೆ ಕಾಯಿಲೆಯಾಗಿ ಕಾಡುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದೇ ಸೂರಿನ ಕೆಳಗೆ ನಮ್ಮ ಸಂಡೇ ಸ್ಕೂಲಿನ ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತಾರೆ. ವೇದಿಕೆಯ ಪಕ್ಕದ ಕಂಬದಲ್ಲಿ ಸಿಮೆಂಟು ಕಳಚಿ ತುಕ್ಕು ಹಿಡಿದ ಸರಳು ಕಾಣುತ್ತಿದೆ. ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿಲ್ಲ. ಬಾಗಿಲಲ್ಲಿ ಮೂರು ಎತ್ತರದ ಮೆಟ್ಟಿಲುಗಳಿವೆ, ಗಾಲಿಕುರ್ಚಿಯಲ್ಲಿ ಬರುವ ನಮ್ಮ ಹಿರಿಯ ಸಹೋದರಿಯನ್ನು ಇಬ್ಬರು ಯುವಕರು ಕುರ್ಚಿ ಸಮೇತ ಎತ್ತಿ ಒಳಗೆ ತರುತ್ತಾರೆ. ಆ ತಾಯಿ ಪ್ರತಿ ಭಾನುವಾರ ನಾಚಿಕೊಂಡು ತಲೆ ತಗ್ಗಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ದೇವರ ಮನೆಗೆ ಬರಲು ಮನುಷ್ಯರು ನಾಚಬೇಕಾದ ಪರಿಸ್ಥಿತಿ ಇರಬಾರದು.

ಹಾಗಾದರೆ ನಿಮ್ಮ ಬಿಷಪ್ಪರನ್ನೋ ಮುಖ್ಯ ಕಚೇರಿಯನ್ನೋ ಕೇಳಬಾರದೇ ಎಂದು ನಿಮ್ಮಲ್ಲೊಬ್ಬರು ಅಂಗಡಿಯಲ್ಲಿ ಕೇಳಿದರಂತೆ. ಸಹಜವಾದ ಪ್ರಶ್ನೆ. ಬೆಂಗಳೂರಿನಲ್ಲಿ ಚರ್ಚ್ ಎಂದರೆ ಎಲ್ಲರ ಕಣ್ಣಿಗೆ ಬರುವುದು ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ, ಪಾಲಿಕೆ ಕಚೇರಿಯ ಎದುರಿಗೆ 1904ರಲ್ಲಿ ಕಟ್ಟಿದ ಕೆಂಪು ಹಡ್ಸನ್ ಚರ್ಚ್. ಅವುಗಳ ಹಿಂದೆ ಧರ್ಮಪ್ರಾಂತ್ಯವಿದೆ, ಬಿಷಪ್ಪರಿದ್ದಾರೆ. 1947ರ ಸೆಪ್ಟೆಂಬರಿನಲ್ಲಿ ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಕೂಡಿಕೊಂಡು ದಕ್ಷಿಣ ಭಾರತ ಸಭೆಯಾದಾಗ ಬ್ಯಾಪ್ಟಿಸ್ಟರು ಹೊರಗೆ ಉಳಿದರು. ಜಗಳವಾಡಿ ಹೊರಗುಳಿದವರಲ್ಲ. ಹಸುಗೂಸಿಗೆ ದೀಕ್ಷಾಸ್ನಾನ, ಎಂದರೆ ಬ್ಯಾಪ್ಟಿಸಂ, ಕೊಡುವುದಿಲ್ಲ ಎಂಬ ನಂಬಿಕೆ, ಪ್ರತಿಯೊಂದು ಸಭೆಯೂ ತನ್ನ ತೀರ್ಮಾನವನ್ನು ತಾನೇ ಮಾಡಬೇಕು ಎಂಬ ರೂಢಿ, ಇವೆರಡನ್ನೂ ನಮ್ಮವರು ಬಿಡಲಾರದೆ ಹೋದರು. ಅಂದಿನಿಂದ ಇಂದಿನವರೆಗೆ ನಮ್ಮಂಥ ಸಭೆಗೆ ಮೇಲೆ ಯಾರೂ ಇಲ್ಲ. ಸೂರು ಸೋರಿದರೆ ಹೇಳಿಕೊಳ್ಳಲು ಒಂದು ಕಚೇರಿಯೂ ಇಲ್ಲ. ತಿಂಗಳಿಗೊಮ್ಮೆ ಸದಸ್ಯರ ಕೂಟ ಸೇರುತ್ತದೆ. ಇಂಜಿನಿಯರ್ ಆಗಿರುವ ಸಹೋದರನಿಗೂ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಪಾತ್ರೆ ತೊಳೆಯುವ ಸಹೋದರಿಗೂ ಅಲ್ಲಿ ಒಂದೊಂದೇ ಮತ. ಸಭಾಪಾಲಕರ, ಎಂದರೆ ನಮ್ಮ ಪಾಸ್ಟರ, ಮಾತೂ ಬಿದ್ದು ಹೋಗುವುದುಂಟು.

ಬ್ಯಾಪ್ಟಿಸ್ಟ್ ಎಂಬ ಹೆಸರು ಬಂದದ್ದೇ ಸ್ನಾನದಿಂದ. ಸತ್ಯವೇದದಲ್ಲಿ ಯೋರ್ದನ್ ನದಿಯಲ್ಲಿ ಜನರನ್ನು ಮುಳುಗಿಸುತ್ತಿದ್ದ ಸ್ನಾನಿಕನಾದ ಯೋಹಾನ ಬರುತ್ತಾನೆ. ಬುದ್ಧಿ ಬಲಿತವರು ತಮ್ಮ ಬಾಯಿಂದಲೇ ನಂಬಿಕೆಯನ್ನು ಹೇಳಿಕೊಂಡ ಮೇಲೆ ಪೂರ್ತಿ ನೀರಿನಲ್ಲಿ ಮುಳುಗಿ ಏಳಬೇಕು ಎಂಬುದು ನಮ್ಮ ಪದ್ಧತಿ. ನನ್ನ ಮಗನಿಗೂ ನಾನು ಸ್ನಾನ ಕೊಡಿಸಲಿಲ್ಲ. ಅವನಿಗೆ ಇಪ್ಪತ್ತೆರಡು ವರ್ಷವಾದಾಗ ಅವನೇ ಕೇಳಿದ. ಕೇಳದೆ ಇದ್ದಿದ್ದರೆ ನಾನು ಅಳುತ್ತಿದ್ದೆನೇ ಹೊರತು ಬಲವಂತ ಮಾಡುವಂತಿರಲಿಲ್ಲ. ಬಲವಂತದ ಸ್ನಾನ ನಮ್ಮ ಲೆಕ್ಕದಲ್ಲಿ ಸ್ನಾನವೇ ಅಲ್ಲ, ಬರೀ ಒದ್ದೆಯಾಗುವುದು ಅಷ್ಟೇ. ಮತಾಂತರದ ಮಾತು ಬೀದಿಯಲ್ಲಿ ಕೇಳಿಬಂದಾಗಲೆಲ್ಲ ನನಗೆ ಇದನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಈ ನಿಲುವಿಗೆ ನಮ್ಮವರು ಬೆಲೆ ತೆತ್ತಿದ್ದಾರೆ. ಥಾಮಸ್ ಹೆಲ್ವಿಸ್ ಎಂಬ ಇಂಗ್ಲಿಷ್ ಗೃಹಸ್ಥ 1612ರ ಸುಮಾರಿಗೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇಂಗ್ಲೆಂಡಿನ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಕಟ್ಟಿದ. ದೊರೆ ಒಂದನೇ ಜೇಮ್ಸ್‌ಗೆ ತನ್ನ ಕೈಯಾರೆ ಬರೆದು ಕಳಿಸಿದ. ದೊರೆಯೂ ಸಾಯುವ ಮನುಷ್ಯನೇ, ದೇವರಲ್ಲ, ಪ್ರಜೆಗಳ ಆತ್ಮದ ಮೇಲೆ ಅವನಿಗೆ ಅಧಿಕಾರವಿಲ್ಲ ಎಂಬುದು ಅದರ ಸಾರ. ಅಷ್ಟಕ್ಕೇ ನಿಲ್ಲಿಸದೆ, ತುರ್ಕರಾಗಲಿ, ಯೆಹೂದ್ಯರಾಗಲಿ, ಧರ್ಮವಿರೋಧಿಗಳು ಎನಿಸಿಕೊಂಡವರಾಗಲಿ, ನಂಬಿಕೆಯ ಕಾರಣಕ್ಕೆ ಯಾರನ್ನೂ ಶಿಕ್ಷಿಸುವ ಹಕ್ಕು ರಾಜ್ಯಕ್ಕಿಲ್ಲ ಎಂದ. ತನಗೊಬ್ಬನಿಗೇ ಬಿಡುಗಡೆ ಕೇಳಲಿಲ್ಲ ನೋಡಿ, ತನ್ನ ಮತಕ್ಕೆ ಸೇರದವರಿಗೂ ಕೇಳಿದ. ಅವನನ್ನು ನ್ಯೂಗೇಟ್ ಸೆರೆಮನೆಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಮುಂದೆ 1801ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಬ್ಯಾಪ್ಟಿಸ್ಟರು ಅಧ್ಯಕ್ಷ ಜೆಫರ್ಸನ್‌ಗೆ ಇಂಥದ್ದೇ ಅಹವಾಲು ಬರೆದರು. 1802ರ ಜನವರಿ 1ರಂದು ಜೆಫರ್ಸನ್ ಬರೆದ ಉತ್ತರದಲ್ಲಿ ಧರ್ಮಕ್ಕೂ ರಾಜ್ಯಕ್ಕೂ ನಡುವಿನ ಗೋಡೆಯ ಮಾತು ಬಂತು. ಪತ್ರ ಬರೆಯುವ ಅಭ್ಯಾಸ ನಮ್ಮವರಲ್ಲಿ ಹಳೆಯದು. ನಾನು ದೊರೆಗೆ ಬರೆಯುತ್ತಿಲ್ಲ, ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಕಟ್ಟಡದಿಂದ ನೆಮ್ಮದಿ ಕೆಟ್ಟರೆ ಕೆಡುವುದು ನಿಮ್ಮದು.

ಇದೆಲ್ಲ ಬಿಳಿಯರ ಕಥೆ, ನಿಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ನನಗೆ ರಕ್ತದ್ದೇ ಇದೆ. ನನ್ನ ಅಜ್ಜನ ಕಡೆಯವರು ಒಂಗೋಲು ಸೀಮೆಯವರು, ಚರ್ಮದ ಕೆಲಸದವರು. 1876ರಿಂದ 78ರವರೆಗಿನ ಧಾತು ವರ್ಷದ ಬರ ನಮ್ಮ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಕೊಂದಿತು, ಅತ್ತ ಆಂಧ್ರದ ಕರಾವಳಿಯನ್ನೂ ಬಿಡಲಿಲ್ಲ. ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಅವರಿಗೆ ಸರ್ವೇ ಕೆಲಸ ಗೊತ್ತಿತ್ತು. ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆತವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಆ ಸಮಯದಲ್ಲಿ ಸಾವಿರಾರು ಜನ ದೀಕ್ಷಾಸ್ನಾನ ಕೇಳಿಕೊಂಡು ಬಂದರೂ ಅವರು ಕೊಡಲಿಲ್ಲ. ಅನ್ನಕ್ಕಾಗಿ ಬಂದವರು ಯಾರು, ನಂಬಿ ಬಂದವರು ಯಾರು ಎಂದು ತಿಳಿಯುವವರೆಗೆ, ಪರಿಹಾರ ಕೆಲಸ ಮುಗಿಯುವವರೆಗೆ, ತಿಂಗಳುಗಟ್ಟಲೆ ಕಾಯಿಸಿದರು. ಬರ ಇಳಿದ ಮೇಲೂ ಜನ ಮತ್ತೆ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನರಿಗೆ ಸ್ನಾನವಾಯಿತು. ಆ ಸೀಮೆಯಿಂದ ನಮ್ಮ ಅಜ್ಜ ಕೋಲಾರದ ಚಿನ್ನದ ಗಣಿಗೆ ಕೂಲಿಗೆ ಬಂದರು, ಅಲ್ಲಿಂದ ಅಪ್ಪ ಬೆಂಗಳೂರಿಗೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನನ್ನ ಕಾಲಕ್ಕೆ ಮನೆಯಲ್ಲೂ ಕನ್ನಡವೇ ಆಯಿತು.

ಕನ್ನಡದ ಮಾತು ಬಂದದ್ದರಿಂದ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ವಿಲಿಯಂ ಕೇರಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಬೂಟು ಹೊಲಿಯುತ್ತಿದ್ದವರು. ಚರ್ಮದ ಕೆಲಸದ ಮನೆತನದ ನನಗೆ ಆ ವಿವರ ಬಹಳ ದೊಡ್ಡದು. 1793ರಲ್ಲಿ ಬಂಗಾಳಕ್ಕೆ ಬಂದರು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಕಿರಲಿಲ್ಲ, ಹೀಗಾಗಿ 1800ರಲ್ಲಿ ಡೇನರ ಆಡಳಿತದ ಸೆರಾಂಪುರದಲ್ಲಿ ನೆಲೆನಿಂತು ಅಚ್ಚುಕೂಟ ನಡೆಸಿದರು. 1812ರ ಮಾರ್ಚ್ 11ರ ರಾತ್ರಿ ಆ ಅಚ್ಚುಕೂಟ ಸುಟ್ಟುಹೋಯಿತು. ಹಲವು ಭಾಷೆಗಳ ಅಚ್ಚಿನ ಮೊಳೆಗಳು, ವರ್ಷಗಳ ಹಸ್ತಪ್ರತಿಗಳು ಬೂದಿಯಾದವು. ಕರಗಿ ಬಿದ್ದ ಸೀಸವನ್ನೇ ಬೂದಿಯಿಂದ ಹೆಕ್ಕಿ ಮತ್ತೆ ಮೊಳೆ ಎರಕ ಹೊಯ್ದರು. ಐದು ವರ್ಷದ ನಂತರ, 1817ರಲ್ಲಿ, ಅದೇ ಸೆರಾಂಪುರದಿಂದ ಕೇರಿಯವರ ಕನ್ನಡ ವ್ಯಾಕರಣ ಹೊರಬಂತು. ಕಿಟ್ಟೆಲ್ಲರ ನಿಘಂಟು ಬಂದದ್ದು 1894ರಲ್ಲಿ, ಎಂದರೆ ಇನ್ನೂ ಮುಕ್ಕಾಲು ಶತಮಾನದ ಮೇಲೆ. ಕಿಟ್ಟೆಲ್ಲರ ಪ್ರತಿಮೆಗೆ ನಾವೆಲ್ಲರೂ ಕೈಮುಗಿಯುತ್ತೇವೆ, ಮುಗಿಯಲೇಬೇಕು. ಬಂಗಾಳದಲ್ಲಿ ಕುಳಿತು ನಮ್ಮ ವಿಭಕ್ತಿ ಪ್ರತ್ಯಯಗಳನ್ನು ಜೋಡಿಸಿದ ಆ ಬೂಟು ಹೊಲಿಯುವವರ ಹೆಸರನ್ನೂ ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕಿತ್ತು. ನಾನು ಹೇಳಿಕೊಟ್ಟಿದ್ದೇನೆ.

ಈ ಊರಿನಲ್ಲಿ ಬ್ಯಾಪ್ಟಿಸ್ಟ್ ಎಂಬ ಹೆಸರು ನಿಮಗೆಲ್ಲ ಗೊತ್ತಿರುವುದು ಆಸ್ಪತ್ರೆಯಿಂದ. ಹೆಬ್ಬಾಳದ ಬಳಿ ಬಳ್ಳಾರಿ ರಸ್ತೆಯಲ್ಲಿ 1973ರಲ್ಲಿ ಅದು ಬಾಗಿಲು ತೆರೆದಾಗ ಸುತ್ತ ದ್ರಾಕ್ಷಿ ತೋಟ, ಹೊಲ. ನಿಮ್ಮಲ್ಲಿ ಎಷ್ಟೋ ಜನರ ಹೆರಿಗೆ ಅಲ್ಲಿಯೇ ಆದದ್ದು. ನಮ್ಮ ಸಭೆಗೂ ಆ ಆಸ್ಪತ್ರೆಗೂ ಹೆಸರಿನ ನಂಟು ಬಿಟ್ಟರೆ ಹಣದ ನಂಟಿಲ್ಲ. ಇದನ್ನೂ ಬರೆದಿಡುತ್ತಿದ್ದೇನೆ, ಏಕೆಂದರೆ ಆಸ್ಪತ್ರೆಯವರೇ ಕಟ್ಟಿಸಿಕೊಡುತ್ತಿದ್ದಾರೆ ಎಂಬ ಮಾತೂ ಹಬ್ಬಿದೆ.

ಹೊರದೇಶದ ಹಣದ ವಿಷಯಕ್ಕೆ ಬರುತ್ತೇನೆ. ವಿದೇಶಿ ಕೊಡುಗೆ ಪಡೆಯಬೇಕಾದರೆ 2010ರ ಕಾಯ್ದೆಯ ಪ್ರಕಾರ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿಯಾಗಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕು. ನಮಗೆ ಆ ನೋಂದಣಿಯೂ ಇಲ್ಲ, ದೆಹಲಿಯಲ್ಲಿ ಖಾತೆಯೂ ಇಲ್ಲ. ಅರ್ಜಿ ಹಾಕಿದವರೂ ಅಲ್ಲ. ನಮ್ಮದು ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ, ವರ್ಷ ವರ್ಷ ಲೆಕ್ಕ ಒಪ್ಪಿಸುತ್ತೇವೆ. ಸೈಟಿನ ಕ್ರಯಪತ್ರ ಸಂಘದ ಹೆಸರಿನಲ್ಲಿದೆ. ಒಂದಡಿ ರಸ್ತೆಯನ್ನೂ ಪಾರ್ಕನ್ನೂ ನಾವು ಒತ್ತಿಲ್ಲ, ಬೇಕಾದವರು ಟೇಪು ತಂದು ಅಳೆಯಬಹುದು.

ಹಣ ಎಲ್ಲಿಂದ ಬಂತು? ಕಾಣಿಕೆ ಚೀಲದಿಂದ. ನಮ್ಮಲ್ಲಿ ಕೆಲವು ಸಹೋದರಿಯರು ಅನ್ನಕ್ಕೆ ಅಕ್ಕಿ ತೆಗೆಯುವಾಗ ಪ್ರತಿ ಸಲ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುತ್ತಾರೆ. ತಿಂಗಳ ಕೊನೆಗೆ ಆ ಅಕ್ಕಿಯನ್ನು ತಂದು ಸಭೆಯಲ್ಲಿ ಕೊಡುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ, ಹಣ ಕಟ್ಟಡ ನಿಧಿಗೆ. ಹಿಡಿ ಅಕ್ಕಿಯ ಈ ಪದ್ಧತಿ ಈಶಾನ್ಯದ ಮಿಜೋರಾಮಿನ ಸಭೆಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನಡೆದು ಬಂದದ್ದು. ಅಲ್ಲಿಂದ ಓದಲು ಬಂದು ನಮ್ಮೊಡನೆ ಕೂರುತ್ತಿದ್ದ ಹುಡುಗಿಯೊಬ್ಬಳು ನಮಗೆ ಕಲಿಸಿ ಹೋದಳು. ಒಬ್ಬರು ಬಳೆ ಕೊಟ್ಟರು. ಆಟೋ ಓಡಿಸುವ ಸಹೋದರರೊಬ್ಬರು ಪ್ರತಿ ಶನಿವಾರದ ಕೊನೆಯ ಬಾಡಿಗೆಯನ್ನು ಎತ್ತಿಡುತ್ತಾರೆ. ಇಂಜಿನಿಯರ್ ಕೊಟ್ಟ ಅಂದಾಜಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಈಗ ಕೈಯಲ್ಲಿದೆ. ಉಳಿದದ್ದು ಕೂಡುವವರೆಗೆ ತಳಪಾಯ ಹಾಕಿ ನಿಲ್ಲಿಸುತ್ತೇವೆಯೇ ಹೊರತು ಸಾಲ ಮಾಡುವುದಿಲ್ಲ ಎಂದು ಕೂಟ ತೀರ್ಮಾನಿಸಿದೆ.

ಸರ್ಕಾರದ ಅನುದಾನದ ಬಗ್ಗೆ ನಮ್ಮೊಳಗೇ ದೊಡ್ಡ ಚರ್ಚೆಯಾಯಿತು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಿಂದ ಚರ್ಚ್ ದುರಸ್ತಿಗೆ, ಸಮುದಾಯ ಭವನಕ್ಕೆ ಹಣ ಸಿಗುತ್ತದೆ. ನಮ್ಮ ಯುವಕರು ಹೇಳಿದರು, ಎಲ್ಲ ಧರ್ಮದವರೂ ಪಡೆಯುತ್ತಾರೆ, ನಾವು ತೆರಿಗೆ ಕಟ್ಟುವುದಿಲ್ಲವೇ, ಬಿಡುವುದೇಕೆ ಎಂದು. ಅವರ ಮಾತಿನಲ್ಲಿ ನ್ಯಾಯವಿದೆ. ಮಕ್ಕಳು ಕಲ್ನಾರಿನ ಕೆಳಗೆ ಕೂತಿರುವಾಗ ಹಳೆಯ ತತ್ವ ಹಿಡಿದು ಕೂರುವುದು ಹಟವಲ್ಲವೇ ಎಂದು ಒಬ್ಬ ತಾಯಿ ಕೇಳಿದಾಗ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಹಣ ಪಡೆದ ಬೇರೆ ಸಭೆಗಳನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ನಮ್ಮ ಆತ್ಮದ ಮೇಲೆ ನಿನಗೆ ಅಧಿಕಾರವಿಲ್ಲ ಎಂದು ದೊರೆಗೆ ಬರೆದು ಸೆರೆಮನೆ ಸೇರಿದವನ ಹೆಸರು ಹೇಳಿಕೊಂಡು, ಅದೇ ಕೈಯನ್ನು ಖಜಾನೆಯ ಮುಂದೆ ಚಾಚಲು ನನ್ನ ಮನಸ್ಸು ಒಪ್ಪಲಿಲ್ಲ. ನಾಳೆ ಅನುದಾನದ ಜೊತೆ ಒಂದು ಷರತ್ತು ಬಂದರೆ, ಯಾರೋ ಬಂದು ನಮ್ಮ ವೇದಿಕೆಯಲ್ಲಿ ಮತ ಕೇಳಿದರೆ, ಬೇಡ ಎನ್ನುವ ನಾಲಿಗೆ ನಮಗೆ ಉಳಿದಿರಬೇಕು. ಇದನ್ನು ಕೂಟದಲ್ಲಿ ಹೇಳಿದೆ. ಮತ ಹಾಕಿದಾಗ ಕೆಲವೇ ಮತಗಳ ಅಂತರದಲ್ಲಿ ಬೇಡ ಎಂದಾಯಿತು. ಸೋತ ಯುವಕರೇ ಮರುದಿನ ಬಂದು ಹಳೆಯ ಬೆಂಚುಗಳಿಗೆ ಬಣ್ಣ ಬಳಿದರು.

ಈಗ ನೀರಿನ ಮಾತು. ಇದು ನಿಮಗೂ ನಮಗೂ ಸಮಾನವಾಗಿ ಸಂಬಂಧಿಸಿದ್ದು.

ನಾನು ಚಿಕ್ಕವಳಾಗಿದ್ದಾಗ ದೀಕ್ಷಾಸ್ನಾನ ಕೆರೆಯಲ್ಲಿ ನಡೆಯುತ್ತಿತ್ತು. ಕೋಡಿಯ ಪಕ್ಕ ಸೊಂಟದವರೆಗಿನ ನೀರಿನಲ್ಲಿ ಸಭಾಪಾಲಕರು ನಿಲ್ಲುತ್ತಿದ್ದರು, ದಡದಲ್ಲಿ ನಾವು ಕೀರ್ತನೆ ಹಾಡುತ್ತಿದ್ದೆವು, ದನ ತೊಳೆಯಲು ಬಂದವರು ತಾವೂ ನಿಂತು ಕೇಳುತ್ತಿದ್ದರು. ಈಗ ಬೆಂಗಳೂರಿನ ಕೆರೆಗಳ ಕಥೆ ಹೇಳಬೇಕಾಗಿಲ್ಲ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಇಂದಿನ ಕೆರೆಯ ನೀರಿನಲ್ಲಿ ಮನುಷ್ಯರನ್ನು ಮುಳುಗಿಸಿದರೆ ಹೊಸ ಬದುಕಿನ ಬದಲು ಚರ್ಮರೋಗ ಬಂದೀತು. ಆದ್ದರಿಂದ ವೇದಿಕೆಯ ಹಲಗೆಗಳ ಕೆಳಗೆ ಒಂದು ತೊಟ್ಟಿ ಕಟ್ಟಿಕೊಂಡೆವು. ಎಂಟು ಅಡಿ ಉದ್ದ, ಐದು ಅಡಿ ಅಗಲ. ಮೂರೂವರೆ ಅಡಿ ನೀರು ನಿಲ್ಲಿಸಿದರೆ ಹತ್ತಿರ ಹತ್ತಿರ ನಾಲ್ಕು ಸಾವಿರ ಲೀಟರ್. ವರ್ಷಕ್ಕೆ ಎರಡು ಮೂರು ಬಾರಿ ತುಂಬಿಸುತ್ತೇವೆ.

2024ರ ಬೇಸಿಗೆ ನಿಮಗೆ ನೆನಪಿದೆ. ಕೊಳವೆಬಾವಿಗಳು ಒಣಗಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು, ಟ್ಯಾಂಕರಿನ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಆ ವರ್ಷ ಈಸ್ಟರ್ ಮಾರ್ಚ್ 31ಕ್ಕೆ ಬಂದಿತ್ತು. ದೀಕ್ಷಾಸ್ನಾನಕ್ಕೆ ಕೆಲವರು ಸಿದ್ಧರಾಗಿದ್ದರು, ಬಿಳಿ ಬಟ್ಟೆ ಹೊಲಿಸಿಕೊಂಡಿದ್ದರು. ಬೀದಿಯ ಮೂಲೆಯಲ್ಲಿ ನೀವು ಕೊಡ ಹಿಡಿದು ಸಾಲು ನಿಂತಿದ್ದಿರಿ, ಆ ಸಾಲಿನಲ್ಲಿ ನಾನೂ ಇದ್ದೆ. ಬೀದಿ ಬಾಯಾರಿರುವಾಗ ನಾಲ್ಕು ಸಾವಿರ ಲೀಟರ್ ನೀರನ್ನು ತೊಟ್ಟಿಗೆ ಸುರಿಯುವ ಹಕ್ಕು ನಮಗಿಲ್ಲ ಎಂದು ಕೂಟ ಹೇಳಿತು. ಸ್ನಾನವನ್ನು ಮುಂದೂಡಿದೆವು. ಬಿಳಿ ಬಟ್ಟೆಗಳು ಪೆಟ್ಟಿಗೆಯಲ್ಲೇ ಉಳಿದವು. ಮಳೆ ಬಂದ ಮೇಲೆ, ನಲ್ಲಿಯಲ್ಲಿ ನೀರು ಸರಿಹೋದ ಮೇಲೆ ಸ್ನಾನವಾಯಿತು. ನಿಮಗೆ ಇದನ್ನು ಅಂದು ಹೇಳಿರಲಿಲ್ಲ. ಹೆಚ್ಚುಗಾರಿಕೆಗೆಂದು ಇಂದೂ ಹೇಳುತ್ತಿಲ್ಲ. ಹೊಸ ಕಟ್ಟಡದ ನಕ್ಷೆಯಲ್ಲಿ ನೀರಿಗೆ ಅಷ್ಟು ಜಾಗ ಏಕೆ ಎಂದು ನೀವು ಕೇಳಿದಾಗ ಕಾರಣ ತಿಳಿದಿರಲಿ.

ಹೊಸ ತಾರಸಿಯ ವಿಸ್ತೀರ್ಣ ಸುಮಾರು 900 ಚದರ ಅಡಿ, ಎಂದರೆ 84 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಲೆಕ್ಕ ಹಾಕಿ ನೋಡಿ, ಎಪ್ಪತ್ತೈದು ಸಾವಿರ ಲೀಟರ್. ಸೋರಿ, ಆರಿ, ಮೊದಲ ಮಳೆಯ ಕೊಳೆ ನೀರು ಬಿಟ್ಟು ಅರವತ್ತು ಸಾವಿರವಾದರೂ ಕೈಗೆ ಸಿಗುತ್ತದೆ. ತೊಟ್ಟಿಗೆ ಬೇಕಿರುವುದು ವರ್ಷಕ್ಕೆ ಹನ್ನೆರಡು ಸಾವಿರ. ಸ್ನಾನವಾದ ಮೇಲೆ ಆ ನೀರನ್ನು ಚರಂಡಿಗೆ ಬಿಡದೆ ಶೌಚಾಲಯದ ಟ್ಯಾಂಕಿಗೆ ಹಾಯಿಸುತ್ತೇವೆ. ಸಂಪಿನಲ್ಲಿ ಹಿಡಿಯದ ಮಳೆನೀರೆಲ್ಲ ಇಂಗುಗುಂಡಿಗೆ ಹೋಗುತ್ತದೆ, ಅಲ್ಲಿಂದ ಕೆಳಗಿಳಿದದ್ದು ನಿಮ್ಮ ಕೊಳವೆಬಾವಿಗೂ ಸೇರೀತು. ಮಳೆನೀರು ಕೊಯ್ಲು 2009ರಿಂದಲೇ ಕಾನೂನಿನಲ್ಲಿದೆ, ನಾವು ಮಾಡುತ್ತಿರುವುದು ಉಪಕಾರವಲ್ಲ. ಆದರೂ ನಮ್ಮ ಇಂಜಿನಿಯರ್ ಸಹೋದರ ಈ ಗುಂಡಿಯ ಆಳಕ್ಕಾಗಿ ಹಿರಿಯರೊಡನೆ ವಾದ ಮಾಡಿದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಕಟ್ಟಡ ಎಷ್ಟು ಎತ್ತರ? ನೆಲಮಹಡಿಯಲ್ಲಿ ಆರಾಧನೆಯ ಹಾಲು, ಮೇಲೆ ಒಂದೇ ಮಹಡಿ. ಗೋಪುರವಿಲ್ಲ, ಗಂಟೆಯಿಲ್ಲ. ಮೇಲಿನ ಮಹಡಿಯಲ್ಲಿ ಸಂಡೇ ಸ್ಕೂಲಿಗೆ ಎರಡು ಕೋಣೆ. ವಾರದ ದಿನಗಳಲ್ಲಿ ಅವು ಖಾಲಿ ಇರುತ್ತವೆ. ಸಂಜೆ ಮನೆಪಾಠಕ್ಕೆ ಜಾಗವಿಲ್ಲದ ಮಕ್ಕಳು, ಯಾವ ಮನೆಯವರಾದರೂ ಸರಿ, ಅಲ್ಲಿ ಬಂದು ಓದಬಹುದು. ಪ್ರಾರ್ಥನೆಗೆ ಕೂರಿಸುವುದಿಲ್ಲ, ಕರಪತ್ರ ಹಂಚುವುದಿಲ್ಲ. ಕಾವಲಿಗೆ ನಾನೇ ಕುಳಿತಿರುತ್ತೇನೆ.

ವಾಹನಗಳ ವಿಷಯದಲ್ಲಿ ಮಾತ್ರ ನಮಗೆ ಸರಿಯಾದ ದಾರಿ ಇನ್ನೂ ಸಿಕ್ಕಿಲ್ಲ. ಭಾನುವಾರ ಬೆಳಗ್ಗೆ ನಿಮ್ಮ ಗೇಟಿನ ಮುಂದೆ ನಮ್ಮವರ ಸ್ಕೂಟರುಗಳು ನಿಲ್ಲುತ್ತವೆ, ಒಮ್ಮೆ ಆಂಬುಲೆನ್ಸ್ ತಿರುಗಲು ಹತ್ತು ನಿಮಿಷ ತಡವಾಯಿತು. ಅದು ಕ್ಷಮಿಸುವಂಥದ್ದಲ್ಲ. ನೆಲಮಹಡಿಯನ್ನು ಕಂಬಗಳ ಮೇಲೆ ಬಿಟ್ಟು ವಾಹನಕ್ಕೆ ಕೊಡೋಣ, ಹಾಲನ್ನು ಮೇಲೆ ಕಟ್ಟೋಣ ಎಂದು ಮೊದಲು ನಕ್ಷೆ ಬರೆಸಿದೆವು. ಆಗ ಗಾಲಿಕುರ್ಚಿಯ ಆ ತಾಯಿ ಮತ್ತೆ ಮೆಟ್ಟಿಲು ಹತ್ತಬೇಕು. ಲಿಫ್ಟ್ ಹಾಕುವ ಶಕ್ತಿ ನಮಗಿಲ್ಲ. ಇಷ್ಟು ಸಣ್ಣ ಸೈಟಿನಲ್ಲಿ ಸ್ಕೂಟರಿಗೂ ಮುದುಕಿಗೂ ಒಟ್ಟಿಗೆ ನೆಲ ಸಿಗುವುದಿಲ್ಲ. ಎರಡು ವಾರ ಜಗ್ಗಾಡಿದ ಮೇಲೆ ನೆಲವನ್ನು ಮುದುಕಿಗೇ ಕೊಟ್ಟೆವು. ಬಾಗಿಲಿಗೆ ಮೆಟ್ಟಿಲಿನ ಬದಲು ಇಳಿಜಾರು. ಹಾಗಾಗಿ ವಾಹನದವರು ಮುಖ್ಯರಸ್ತೆಯಲ್ಲಿ ನಿಲ್ಲಿಸಿ ನಡೆದು ಬರಬೇಕು, ಬಸ್ಸಿನಲ್ಲಿ ಬರುವುದು ಇನ್ನೂ ಒಳ್ಳೆಯದು. ಮುಂದಿನ ಭಾನುವಾರದಿಂದಲೇ ಬೀದಿಯ ತುದಿಯಲ್ಲಿ ನಮ್ಮ ಇಬ್ಬರು ಯುವಕರು ನಿಂತಿರುತ್ತಾರೆ. ಆದರೂ ಯಾರಾದರೂ ನಿಮ್ಮ ಗೇಟಿಗೆ ಅಡ್ಡ ನಿಲ್ಲಿಸಿದರೆ ಆರಾಧನೆಯ ನಡುವೆಯೇ ಒಳಗೆ ಬಂದು ಹೇಳಿ, ನಾವು ಹಾಡು ನಿಲ್ಲಿಸಿ ಗಾಡಿ ತೆಗೆಸುತ್ತೇವೆ.

ಮೈಕಿನ ಬಗ್ಗೆ ಎರಡೇ ಮಾತು. ಹೊರಗೆ ಧ್ವನಿವರ್ಧಕ ಇರುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು ನಿಯಮವಿದೆ, ಡ್ರಮ್ಮು ಬಾರಿಸುವ ಹುಡುಗರಿಗೆ ಅದನ್ನು ಗೋಡೆಯ ಮೇಲೆ ಬರೆದು ಹಾಕುತ್ತೇನೆ.

ಕಟ್ಟುವಾಗ ನಿಮಗೆ ತೊಂದರೆ ಆಗಿಯೇ ಆಗುತ್ತದೆ. ಧೂಳು ಏಳುತ್ತದೆ, ಮರಳಿನ ಲಾರಿ ಬರುತ್ತದೆ. ಕಲ್ನಾರಿನ ಶೀಟು ಇಳಿಸುವ ದಿನ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಒಡೆಯದೆ, ನೀರು ಚಿಮುಕಿಸುತ್ತ, ಇಡೀ ಶೀಟಾಗಿಯೇ ಇಳಿಸಿ, ಸುತ್ತಿ ಸಾಗಿಸುವವರನ್ನೇ ಗೊತ್ತು ಮಾಡಿದ್ದೇವೆ. ದಿನಾಂಕವನ್ನು ಒಂದು ವಾರ ಮೊದಲೇ ಪ್ರತಿ ಮನೆಗೂ ತಿಳಿಸುತ್ತೇವೆ. ಅಂದು ಕಿಟಕಿ ಮುಚ್ಚಿಕೊಳ್ಳಿ, ಬಟ್ಟೆ ಹೊರಗೆ ಒಣಹಾಕಬೇಡಿ, ಮಕ್ಕಳನ್ನು ಬೀದಿಗೆ ಬಿಡಬೇಡಿ.

ಗಣೇಶನ ಹಬ್ಬಕ್ಕೆ ನೀವು ಪ್ರತಿ ವರ್ಷ ನಮ್ಮ ಕುರ್ಚಿಗಳನ್ನು ಒಯ್ಯುತ್ತೀರಿ, ಕ್ರಿಸ್ಮಸ್ಸಿಗೆ ನಾವು ನಿಮ್ಮ ಶಾಮಿಯಾನ ತರುತ್ತೇವೆ. ಹೊಸ ಹಾಲು ಕಟ್ಟಿ ಮುಗಿಯುವವರೆಗೆ ಭಾನುವಾರದ ಆರಾಧನೆ ನಡೆಸಲು ನಮಗೆ ಜಾಗವಿಲ್ಲ. ನಿಮ್ಮ ಸಂಘದ ಪಕ್ಕದ ಖಾಲಿ ಸೈಟಿನಲ್ಲಿ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಕೂರಲು ಅನುಮತಿ ಕೇಳುತ್ತಿದ್ದೇವೆ. ಬಾಡಿಗೆ ಕೊಡುತ್ತೇವೆ. ಆಗುವುದಿಲ್ಲ ಎಂದರೆ ಹಾಗೆಂದು ಹೇಳಿ, ಬೇಸರವಿಲ್ಲ.

ನಕ್ಷೆಯನ್ನು ಕಚೇರಿಗೆ ಸಲ್ಲಿಸುವ ಮೊದಲು ನಿಮ್ಮ ಮುಂದೆ ಇಡಬೇಕೆಂದು ಕೂಟ ನಿರ್ಣಯಿಸಿದೆ. ಬರುವ ಶನಿವಾರ ಸಂಜೆ ನಾಲ್ಕಕ್ಕೆ ಅದನ್ನು ನಮ್ಮ ಹಾಲಿನ ಗೋಡೆಗೆ ಅಂಟಿಸಿರುತ್ತೇವೆ. ಕಟ್ಟಡ ನಿಧಿಯ ಲೆಕ್ಕದ ಪುಸ್ತಕ ಪಕ್ಕದ ಮೇಜಿನ ಮೇಲೆ ತೆರೆದಿರುತ್ತದೆ, ಯಾವ ಪುಟವನ್ನಾದರೂ ತಿರುಗಿಸಿ ನೋಡಿ. ನಕ್ಷೆಯ ಬಲಬದಿಯಲ್ಲಿ ಬಿಳಿ ಹಾಳೆ ಇರುತ್ತದೆ. ನಿಮ್ಮ ಆಕ್ಷೇಪಗಳನ್ನು ಅದರಲ್ಲಿ ಬರೆಯಿರಿ. ಹೆಸರು ಹಾಕಲು ಇಷ್ಟವಿಲ್ಲದಿದ್ದರೆ ಹಾಕಬೇಡಿ. ಹಿಂದಿನ ಬೀದಿಯವರಿಗೆ ಗಾಳಿ ಬೆಳಕು ಕಡಿಮೆಯಾಗುವುದೇ ಎಂಬುದನ್ನು ನಿಮ್ಮ ಮನೆಯ ಕಿಟಕಿಯಲ್ಲಿ ನಿಂತೇ ನೋಡಬೇಕು, ಅದಕ್ಕೆ ಇಂಜಿನಿಯರ್ ನಿಮ್ಮ ಮನೆಗೆ ಬರಲು ಒಪ್ಪಿದ್ದಾರೆ. ಯಾವ ಹೊತ್ತಿಗೆ ಬರಬೇಕೆಂದು ನನಗೆ ತಿಳಿಸಿ. ಸಂಜೆ ಐದರ ನಂತರ ನಾನು ಮನೆಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಟೀಚರಮ್ಮ
ಸಭೆಯ ಕಾರ್ಯದರ್ಶಿ